ಬಾಣಂತಿ ಕೋಣೆಯ ಗುಪ್ತವಾಕ್ಯ

ಕರೆಂಟು ಹೋಯಿತು, ಬಂತು, ಮತ್ತೆ ಹೋಗಿ ಮತ್ತೆ ಬಂತು. ಕೊನೆಯ ಸಲ ಬಂದಾಗ ನನ್ನ ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬಿಯೊಳಗೆ ಟಪ್ ಎಂದು ಸದ್ದಾಯಿತು. ಸುಟ್ಟ ವೈರಿನ ವಾಸನೆ ಕೋಣೆಯಲ್ಲೆಲ್ಲ ಹರಡಿತು. ಪರದೆ ಕಪ್ಪಾಗಿದ್ದು ಮತ್ತೆ ಬೆಳಗಲಿಲ್ಲ.

ಶಹಾಪುರದ ನಾಲೆ ಆಫೀಸಿನಲ್ಲಿ ನಾನು ಆಪರೇಟರ್. ಸುಟ್ಟ ಡಬ್ಬಿಯೊಳಗೆ ನನ್ನ ಕೀಲಿಕೈ ಇತ್ತು. ಕಬ್ಬಿಣದ್ದಲ್ಲ, ಅರ್ಥವಿಲ್ಲದ ಅಕ್ಷರಗಳು ಸಾಲುಸಾಲಾಗಿ ತುಂಬಿದ ಒಂದು ಫೈಲು. ಎಲ್ಲೋ ದೂರದ ಶಹರದಲ್ಲಿದ್ದ ಸರ್ವರ್ ಆ ಫೈಲನ್ನು ಗುರುತಿಸಿ ನನ್ನನ್ನು ಒಳಗೆ ಬಿಡುತ್ತಿತ್ತು. ನಾಲೆಯ ಗೇಟುಗಳ ಚಾಲೂ-ಬಂದ್ ಸರದಿಯೆಲ್ಲ ಆ ಸರ್ವರಿನಲ್ಲಿತ್ತು. ಯಾವ ಉಪಕಾಲುವೆಗೆ ಯಾವಾಗ ನೀರು, ಯಾವಾಗ ಬಂದ್ ಎಂದು ನಾವು ಇಲ್ಲಿಂದ ತುಂಬಬೇಕು. ಹೊತ್ತಿಗೆ ಸರಿಯಾಗಿ ಗೇಟು ತಾನೇ ಏಳುತ್ತಿತ್ತು, ತಾನೇ ಇಳಿಯುತ್ತಿತ್ತು.

ವಡಗೇರಾ ಕಡೆಯ ಕಟ್ಟಕಡೆಯ ಉಪಕಾಲುವೆಯ ಗೇಟು ಅವತ್ತು ಸಂಜೆ ಆರಕ್ಕೆ ಬಂದ್ ಆಗುವುದಿತ್ತು. ಲೆಕ್ಕದಲ್ಲಿ ಆ ಊರುಗಳಿಗೆ ವಾರಪೂರ್ತಿ ನೀರು ಹರಿದಿತ್ತು. ನಿಜವಾಗಿ ಹರಿದದ್ದು ಆ ಮುಂಜಾನೆಯಿಂದ ಮಾತ್ರ. ಅಲ್ಲಿಯವರೆಗೆ ನಾಲೆಯ ಮೇಲ್ಭಾಗದ ಸುರಪುರದ ಕಡೆಯಿಂದಲೇ ಮೋಟರು ಹಚ್ಚಿ ಎತ್ತುವವರು ಎತ್ತಿಕೊಂಡಿದ್ದರು. ನಮ್ಮ ಸಾಹೇಬರು ಕಣ್ಣಾರೆ ನೋಡಿ ಬಂದು, "ಕೊನೀ ಗೇಟ್ ಮುಂದಿನ ಸರದಿ ತನಕ ಚಾಲೂನೇ ಇರ್ಲಿ. ಆರರೊಳಗ ಸರ್ವರ್‌ನ್ಯಾಗ ಹಾಕಿಬಿಡ್ರಿ" ಎಂದು ಹೇಳಿ ಯಾದಗಿರಿಗೆ ಮೀಟಿಂಗಿಗೆ ಹೋಗಿದ್ದರು. ಚಾ ಕುಡಿದು ಬಂದು ಮಾಡಿದರೂ ಆಗುವ ಕೆಲಸ. ನಾನು ಚಾ ಕುಡಿದು ಬಂದೆ. ಕರೆಂಟು ಹೋಯಿತು.

ಹೊರಗೆ ಪಡಸಾಲೆಯಲ್ಲಿ ನಮ್ಮ ಕಾಕಾ ಕೂತಿದ್ದ. ಅಪ್ಪನ ತಮ್ಮ. ಅವನ ಹೊಲ ಆ ಕೊನೆಯ ಕಾಲುವೆಯ ಕೊನೆಯಲ್ಲಿದೆ. ನಾಲೆ ತೋಡಿದ ಮೇಲೂ ಎಷ್ಟೋ ವರ್ಷ ಅಲ್ಲಿ ನೀರು ಬಂದಿರಲಿಲ್ಲ. ಕಾಕಾ ತೊಗರಿ, ಹತ್ತಿ ಬೆಳೆದುಕೊಂಡು, ಒಣಗಿದ ಕಾಲುವೆಯಲ್ಲಿ ಎಮ್ಮೆ ಕಟ್ಟಿಕೊಂಡು ಇದ್ದ. ಆ ವರ್ಷ ಹೊಸ ಗೇಟು ಕೂಡಿಸಿದರು. "ಈ ಸಲ ನೀರು ಬರ್ತದ ಕಾಕಾ" ಎಂದು ನಾನೇ ಹೇಳಿದ್ದೆ. ನನ್ನ ಮಾತು ನಂಬಿ ಅವನು ಭತ್ತ ನಾಟಿ ಮಾಡಿದ. ಈಗ ತೆನೆಯಲ್ಲಿ ಹಾಲು ತುಂಬುವ ಹೊತ್ತು. ಈ ನೀರು ತಪ್ಪಿದರೆ ಕಾಳು ಕಟ್ಟುವುದಿಲ್ಲ, ಬರೀ ಜೊಳ್ಳು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ. ನಾನು ಯಾದಗಿರಿಯ ಕಾಲೇಜಿಗೆ ಹೋಗುವಾಗ ಹೊಲದಲ್ಲಿ ನನ್ನ ಪಾಲಿನ ಕೆಲಸವನ್ನು ಕಾಕಾ ಮಾಡುತ್ತಿದ್ದ. ಪರೀಕ್ಷೆ ಬಂದರೆ, "ನೀ ಓದ್ಕೋ, ಎತ್ತಿಗೇನು ಯಾರ ಕೈಯಾದ್ರೇನು" ಎನ್ನುತ್ತಿದ್ದ. ಒಂದು ದಿನವೂ ಅದನ್ನು ಬಾಯಿಬಿಟ್ಟು ಎಣಿಸಿ ಹೇಳಿದವನಲ್ಲ. ಅವನು ಒಂದು ಕೆಲಸ ಆಗಬೇಕೆಂದು ನನ್ನ ಆಫೀಸಿಗೆ ಬಂದದ್ದು ಅದೇ ಮೊದಲು.

"ಆತೇನೋ ತಮ್ಮ?" ಎಂದು ಕಿಟಕಿಯಿಂದ ಕೇಳಿದ.

"ಮಿಷಿನ್ ಸುಟ್ಟದ ಕಾಕಾ."

"ಮಿಷಿನ್ ಸುಟ್ರ ನೀರಿಗೇನಾತು? ನೀರು ಸುಡಂಗಿಲ್ಲಲ್ಲ."

ನಾನು ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಹಚ್ಚಿದೆ. ಒಬ್ಬ ಹುಡುಗಿ ಎತ್ತಿದಳು, ಕೆಳಗಿನ ಸೀಮೆಯ, ದಕ್ಷಿಣದ ಕಡೆಯ ಮೆತ್ತಗಿನ ಕನ್ನಡ. ನನ್ನ ಕೀಲಿಕೈ ಹೋಗಿದೆ, ಇವತ್ತಿನ ಮಟ್ಟಿಗೆ ಹಳೆಯ ಪಾಸ್‌ವರ್ಡ್ ಚಾಲೂ ಮಾಡಿ ಎಂದು ಬೇಡಿಕೊಂಡೆ.

"ಪಾಸ್‌ವರ್ಡ್ ಪೂರ್ತಿ ತೆಗೆದುಬಿಟ್ಟಿದ್ದೀವಲ್ಲ ಸರ್. ನಿಮ್ಮ ಆಫೀಸಿಂದಲೇ ಅಲ್ವಾ ಅದು ಆಚೆ ಹೋಗಿದ್ದು?"

ಅದು ಸುಳ್ಳಲ್ಲ. ಮೊದಲು ನಮ್ಮೆಲ್ಲರಿಗೂ ಸೇರಿ ಒಂದೇ ಪಾಸ್‌ವರ್ಡ್ ಇತ್ತು. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿತ್ತು. ಚಾ ತರುವವನಿಗೂ ಬಾಯಿಪಾಠ. ಒಂದು ದಿನ ಮೇಲಿನ ಊರಿನ ಯಾರೋ ಮನೆಯಲ್ಲಿ ಕೂತೇ ಒಂದು ಗೇಟು ಎತ್ತಿಕೊಂಡರು. ಆಮೇಲೆಯೇ ಪಾಸ್‌ವರ್ಡ್ ಹೋಗಿ ಕೀಲಿಕೈ ಬಂದದ್ದು. ಇಬ್ಬರಿಗೆ ಮಾತ್ರ ಕೊಟ್ಟರು, ಇನ್ನೊಂದು ಕಡೆ ನಕಲು ಇಡಬಾರದು ಎಂದರು. ನಾನು ಇಟ್ಟಿರಲಿಲ್ಲ.

"ಹೊಸ ಕೀ ಮಾಡಿ ಕಳ್ಸಿ ಸರ್. ನಿಮ್ಮ ಮೇಲಿನೋರಿಂದ ಮೇಲ್ ಬರಲಿ, ಪರಿಶೀಲನೆ ಮಾಡಿ ನಾಳೆ ಹಾಕ್ಕೊಡ್ತೀವಿ."

"ನಾಳಿ ಅಂದ್ರ ಬೆಳಿ ಹೋಗ್ತದ್ರಿ."

"ಸಾರಿ ಸರ್, ನನ್ನ ಕೈಲಿ ಇಲ್ಲ" ಎಂದಳು. ಸಾಹೇಬರ ಫೋನ್ ಬಂದ್ ಆಗಿತ್ತು.

ಉಳಿದದ್ದು ಇನ್ನೊಂದು ಕೀಲಿಕೈ. ಅದು ನನ್ನ ಜೊತೆ ಕೆಲಸ ಮಾಡುವ ಅಕ್ಕಾರದ್ದು. ಅವರು ಹೆರಿಗೆಗೆಂದು ಶಿರವಾಳದ ತವರಿಗೆ ಹೋಗಿದ್ದರು. ಅವರ ಲ್ಯಾಪ್‌ಟಾಪ್ ಆಫೀಸಿನ ಕಪಾಟಿನಲ್ಲೇ ಇತ್ತು. ಲ್ಯಾಪ್‌ಟಾಪ್ ತೆರೆಯುವುದು ನನಗೆ ಗೊತ್ತಿತ್ತು. ಆದರೆ ಒಳಗಿನ ಕೀಲಿಕೈಗೆ ಮತ್ತೊಂದು ಬೀಗ ಇರುತ್ತದೆ, ಗುಪ್ತವಾಕ್ಯದ್ದು; ಪಾಸ್‌ವರ್ಡಿನಂಥದೇ, ಆದರೆ ಒಂದಿಡೀ ವಾಕ್ಯ, ಇಟ್ಟವರಿಗೆ ಮಾತ್ರ ಗೊತ್ತು. ಅದನ್ನು ಹೊಡೆಯದಿದ್ದರೆ ಕೀಲಿಕೈ ಕೈಯಲ್ಲಿದ್ದೂ ಇಲ್ಲದ ಹಾಗೆ. ಅವರ ಮನೆದೇವರ ಹೆಸರು ಹೊಡೆದೆ, ಊರಿನ ಹೆಸರು ಹೊಡೆದೆ, ಆಫೀಸಿನ ಹೆಸರು ಹೊಡೆದೆ. ತಪ್ಪು, ತಪ್ಪು, ತಪ್ಪು. ಆ ಮಿಷಿನ್ನಿಗೆ ಬೇಸರವೂ ಇಲ್ಲ, ಸಿಟ್ಟೂ ಇಲ್ಲ.

ಅವರಿಗೆ ಫೋನ್ ಹಚ್ಚಿದೆ. ಬಾಣಂತಿ ಮೊಬೈಲು ನೋಡಿದರೆ ಕಣ್ಣು ಹೋಗುತ್ತದೆ ಎಂದು ಅವರ ಮೊಬೈಲನ್ನು ತೆಗೆದಿಟ್ಟಿದ್ದರು. ಅವರ ಅವ್ವನ ಸಣ್ಣ ಫೋನಿಗೆ ಮಾಡಬೇಕಾಯಿತು. ಅವ್ವ ಫೋನನ್ನು ಮಗಳ ಕಿವಿಗೆ ಹಿಡಿದರು.

"ಅಕ್ಕಾರ, ನಿಮ್ಮ ಗುಪ್ತವಾಕ್ಯ ಹೇಳ್ರಿ. ಭಾಳ ಅರ್ಜಂಟ್ ಅದ."

"ಫೋನ್‌ನ್ಯಾಗ ಹೇಳಾಕ ಬರಂಗಿಲ್ಲ ಅಣ್ಣಾ. ಲ್ಯಾಪ್‌ಟಾಪ್ ತಗೊಂಡು ಬರ್ರಿ, ಹೊಡ್ದು ಕೊಡ್ತೀನಿ."

ಯಾರಿಗೂ ಹೇಳಬಾರದು ಎಂದು ನಮಗೆ ಕಲಿಸಿದ್ದರಲ್ಲ, ಆ ನಿಯಮ ಪಾಲಿಸುತ್ತಿದ್ದಾರೆ ಎಂದುಕೊಂಡೆ. ಮನಸ್ಸಿನಲ್ಲೇ ಬೈದೆ. ಕಾಕಾನನ್ನು ಮೋಟಾರ್‌ಸೈಕಲ್ ಹಿಂದೆ ಕೂಡಿಸಿಕೊಂಡು, ಲ್ಯಾಪ್‌ಟಾಪನ್ನು ಅವನ ತೊಡೆಯ ಮೇಲಿಟ್ಟು ಹೊರಟೆ.

ಶಿರವಾಳದ ಮನೆಯ ಬಾಗಿಲಲ್ಲಿ ಅಕ್ಕಾರ ಅತ್ತೆ ನಿಂತಿದ್ದರು. ಮೊಮ್ಮಗಳನ್ನು ನೋಡಲು ಬಂದು ಅಲ್ಲೇ ಉಳಿದಿದ್ದರು. ಒಳಗಿನಿಂದ ಲೋಬಾನದ ಹೊಗೆ ಬರುತ್ತಿತ್ತು.

"ಯಾರ್ರಿ ನೀವು?"

"ಆಫೀಸಿನವ್ರು ರಿ."

"ಬಾಣಂತಿ ಆಫೀಸ್ ಮಾಡಂಗಿಲ್ಲ."

"ಆಫೀಸ್ ಅಲ್ಲವ್ವಾ, ನೀರಿನ ಕೆಲಸ" ಎಂದ ಕಾಕಾ.

"ನೀರಿಗೂ ಈ ಡಬ್ಬಿಗೂ ಏನ್ ಸಂಬಂಧ?"

"ಅದನ್ನ ನಾನೂ ಮಧ್ಯಾಹ್ನದಿಂದ ಕೇಳಾಕತ್ತೀನಿ."

ಆ ಮುದುಕಿಯ ಮುಖ ಸಡಿಲಾಗಲಿಲ್ಲ. ಗಂಡಸರು ಬಾಣಂತಿ ಕೋಣೆಗೆ ಹೋಗುವ ಹಾಗಿಲ್ಲ, ಹೊರಗಿನ ಸಾಮಾನು ಒಳಗೆ ಬರುವ ಹಾಗಿಲ್ಲ, ಬಾಣಂತಿ ಪರದೆ ನೋಡುವ ಹಾಗಿಲ್ಲ. ಅಷ್ಟರಲ್ಲಿ ಒಳಗಿನಿಂದಲೇ ಅಕ್ಕಾರು, "ಅತ್ತಿ, ಕಣ್ಣು ಮುಚ್ಕೊಂಡು ಹೊಡೀತೀನ್ರಿ" ಎಂದರು. ಅವರ ಅವ್ವ ಲ್ಯಾಪ್‌ಟಾಪನ್ನು ಮೊರದ ಮೇಲಿಟ್ಟುಕೊಂಡು, ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದರು. ನಾನು ಬಾಗಿಲ ಪರದೆಯ ಈಚೆ ನಿಂತೆ. ಕೀಲಿಗಳು ಟಕಟಕ ಸದ್ದು ಮಾಡಿದವು. ಗುಪ್ತವಾಕ್ಯ ಹೊಡೆಯುವಾಗ ಲ್ಯಾಪ್‌ಟಾಪಿನ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಒಂದು ಚುಕ್ಕೆ ಕೂಡ ಮೂಡುವುದಿಲ್ಲ. ಹೊಡೆದವರಿಗೆ ಹೊಡೆದೆವೋ ಇಲ್ಲವೋ ಎಂದು ಅನುಮಾನ ಬರುವಷ್ಟು ಖಾಲಿ. ಕಣ್ಣು ಮುಚ್ಚಿದವರಿಗೆ ಅದರಿಂದ ತೊಂದರೆಯಿಲ್ಲ.

"ಆತ್ರಿ ಅಣ್ಣಾ, ತೆರೀತು. ಇನ್ನ ಲ್ಯಾಪ್‌ಟಾಪ್ ಬಂದ್ ಆಗೋ ತನಕ ಅದು ಗುಪ್ತವಾಕ್ಯ ಕೇಳಂಗಿಲ್ಲ. ಖರೇ, ಮುಚ್ಚಬ್ಯಾಡ್ರಿ. ಬ್ಯಾಟರಿ ಹಳೇದು, ಮುಚ್ಚಿದ್ರ ಸಾಯ್ತದ."

ಊರಲ್ಲಿ ಮಾತಾಡುವಷ್ಟು ಸಿಗ್ನಲ್ ಇತ್ತು, ನನ್ನ ಫೋನಿನಿಂದ ಲ್ಯಾಪ್‌ಟಾಪಿಗೆ ಕೊಡುವಷ್ಟು ಇಂಟರ್ನೆಟ್ ಇರಲಿಲ್ಲ. ಮಾಳಿಗೆ ಹತ್ತಿ ನೋಡಿದೆ, ಗುಡಿಯ ಕಟ್ಟೆ ಹತ್ತಿ ನೋಡಿದೆ. ಮುಖ್ಯ ನಾಲೆಯ ಸೇತುವೆಯ ಮೇಲೆ ಚೆನ್ನಾಗಿ ಬರುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಗೇಟೂ ಅಲ್ಲಿಯೇ ಇದೆ. ಕಾಕಾ ತೆರೆದ ಲ್ಯಾಪ್‌ಟಾಪನ್ನು ಎದೆಗೆ ಹಚ್ಚಿಕೊಂಡು ಹಿಂದೆ ಕೂತ.

"ಮುಚ್ಚಬ್ಯಾಡ ಕಾಕಾ, ಏನಾದ್ರೂ ಆಗ್ಲಿ."

"ಎಷ್ಟ್ ಸಲ ಹೇಳ್ತಿ? ನಾ ಏನ್ ಕೂಸು?"

ನಾಲೆಯ ದಂಡೆಯ ದಾರಿ, ಎರೆಮಣ್ಣಿನ ಧೂಳು. ಹೊತ್ತು ಇಳಿಯುತ್ತಿತ್ತು. ಗುಂಡಿ ಬಂದಲ್ಲೆಲ್ಲ ನಿಧಾನ ಮಾಡುತ್ತ, ನಿಧಾನ ಮಾಡಿದ್ದಕ್ಕೆ ಒಳಗೊಳಗೆ ಸಾಯುತ್ತ ಓಡಿಸಿದೆ. ಸೇತುವೆ ಕಾಣುವಷ್ಟರಲ್ಲಿ ಎದುರಿನಿಂದ ಮರಳಿನ ಟಿಪ್ಪರ್ ಒಂದು ಬಂತು. ಅದು ದಾಟಿದ ಮೇಲೆ ಎಷ್ಟೋ ಹೊತ್ತು ಧೂಳಿನಲ್ಲಿ ನನಗೆ ಮುಂದಿನ ದಾರಿಯೇ ಕಾಣಲಿಲ್ಲ.

ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ತಿರುಗಿ ನೋಡಿದೆ. ಕಾಕಾ ಲ್ಯಾಪ್‌ಟಾಪನ್ನು ಮುಚ್ಚಿ, ತನ್ನ ಟವೆಲ್ಲಿನಲ್ಲಿ ಸುತ್ತಿ, ತೋಳಿನೊಳಗೆ ಇಟ್ಟುಕೊಂಡಿದ್ದ.

"ಏನ್ ಮಾಡಿದಿ ಕಾಕಾ?"

"ಧೂಳು ಒಳಗ ಹೋಗ್ತಿತ್ತು ತಮ್ಮ. ಅಷ್ಟ್ ಧೂಳು. ಕೆಡ್ತದ ಅಂತ..." ನನ್ನ ಮುಖ ನೋಡಿ ಅವನಿಗೆ ಎಲ್ಲ ತಿಳಿಯಿತು.

ಅವನನ್ನು ಬೈಯುವುದು ಹೇಗೆ? ಬಿತ್ತನೆಯ ಬೀಜವಾಗಲಿ, ಹಸಿಗೂಸಾಗಲಿ, ಬೆಲೆಬಾಳುವ ಯಾವುದನ್ನೇ ಆಗಲಿ ಧೂಳಿನಲ್ಲಿ ಒಯ್ಯುವಾಗ ನಮ್ಮ ಮಂದಿ ಅದನ್ನೇ ಮಾಡುವುದು. ಟವೆಲ್ ಬಿಚ್ಚಿ, ಕಟ್ಟೆಯ ಮೇಲಿಟ್ಟು ಗುಂಡಿ ಒತ್ತಿದೆ. ಅದು ಏಳುವ ತನಕ ಟವೆಲ್ಲಿನಿಂದ ಕೀಲಿಗಳ ಧೂಳು ಒರೆಸಿದೆ. ಎದ್ದಿತು. ಬ್ಯಾಟರಿಯ ಗುರುತು ಕೆಂಪಾಗಿತ್ತು. ಮತ್ತೆ ಅದೇ ಸಾಲು: ಗುಪ್ತವಾಕ್ಯ ಕೊಡಿ.

ಕೆಳಗೆ ನಮ್ಮ ಗೇಟಿನಿಂದ ನೀರು ಕೊನೆಯ ಕಾಲುವೆಗೆ ನುಗ್ಗುತ್ತಿತ್ತು. ಕೈಯಿಂದ ತಿರುಗಿಸುವ ಹಳೆಯ ಚಕ್ರವನ್ನು ಯಾರೂ ಕಿತಾಪತಿ ಮಾಡಬಾರದೆಂದು ಕಿತ್ತು ಒಯ್ದಿದ್ದರು. ಕಾಕಾ ಬಾಗಿ ನೋಡುತ್ತ, "ಕೆಳಗ ಒಂದು ಕಲ್ಲು ಇಟ್ರ?" ಎಂದ.

"ಗೇಟ್ ಮುರೀತದ, ಕೇಸ್ ಆಗ್ತದ."

"ಆಗ್ಲಿ, ಜೈಲಿನ್ಯಾಗ ಊಟ ಹಾಕ್ತಾರ."

ನಗಲಿಲ್ಲ ಅವನು. ನಾನು ಶಿರವಾಳಕ್ಕೆ ಫೋನ್ ಹಚ್ಚಿದೆ. ಸ್ಪೀಕರ್ ಮೇಲಿಟ್ಟೆ. ಎತ್ತಿದ್ದು ಅತ್ತೆ.

"ಬಾಣಂತಿಗೆ ಎರ್ಯಾಕತ್ತೀವಿ. ಆಮ್ಯಾಲ ಮಾಡ್ರಿ."

"ಆಮ್ಯಾಲ ಅಂದ್ರ ಗೇಟ್ ಬೀಳ್ತದವ್ವಾ. ಒಂದ್ ನಿಮಿಷ ಅಕ್ಕಾರ ಕಿವಿಗಿ ಹಿಡೀರಿ, ಕೈ ಮುಗೀತೀನಿ."

ಬಚ್ಚಲಿನಲ್ಲಿ ಬಿಸಿನೀರು ಸುರಿಯುವ ಸದ್ದು ಕೇಳಿಸಿತು. ಅಕ್ಕಾರ ದನಿ ಬಂತು. ಲ್ಯಾಪ್‌ಟಾಪ್ ಆರಿತೆಂದು ಹೇಳಿದೆ. ತಿರುಗಿ ಅಲ್ಲಿಗೆ ಬರಲು ಹೊತ್ತಿಲ್ಲ, ಬ್ಯಾಟರಿಯೂ ಉಳಿಯುವುದಿಲ್ಲ, ಬಾಯಿಯಿಂದಲೇ ಹೇಳಬೇಕು ಎಂದೆ. ನಾವಿಬ್ಬರೂ ಕನ್ನಡ ಟೈಪಿಂಗ್ ಕಲಿತವರು. ಗುಪ್ತವಾಕ್ಯಗಳನ್ನೂ ಕನ್ನಡದ ಕೀಲಿಗಳ ಲೆಕ್ಕದಲ್ಲೇ ಹೊಡೆಯುತ್ತಿದ್ದೆವು. ಅವರು ನುಡಿದರೆ ಸಾಕು, ನನ್ನ ಬೆರಳುಗಳಿಗೆ ತಿಳಿಯುತ್ತದೆ.

"ಹೇಳಾಕ ಬರಂಗಿಲ್ಲ ಅಣ್ಣಾ."

"ರೂಲ್ಸ್ ಆಮ್ಯಾಲ ನೋಡೋಣ್ರಿ ಅಕ್ಕಾರ. ನಾಳಿ ಬದಲಿ ಮಾಡಿದ್ರಾತು."

"ರೂಲ್ಸ್ ಅಲ್ರಿ." ನೀರು ಸುರಿಯುವುದು ನಿಂತಿತು. "ಅದ್ರಾಗ ಅವರ ಹೆಸರದ್ರಿ."

ಆಗ ನನಗೆ ಅರ್ಥವಾಯಿತು. ಯಾರ ಎದುರೂ ಎಂದೂ ಆಡದಂಥ ಒಂದು ಮಾತು, ನಿಮಗೆ ಎಂದೂ ಮರೆಯದಂಥ ಒಂದು ಮಾತು ಇಟ್ಟುಕೊಳ್ಳಿ ಎಂದು ನಮಗೆ ಕಲಿಸಿದ್ದರು. ನಮ್ಮ ಕಡೆಯ ಹೆಣ್ಣುಮಗಳಿಗೆ ಗಂಡನ ಹೆಸರು ಬಿಟ್ಟರೆ ಅಂಥದು ಇನ್ನೇನಿರುತ್ತದೆ? ಬರೆಯಲು ಅಡ್ಡಿಯಿಲ್ಲ, ಟೈಪ್ ಮಾಡಲು ಅಡ್ಡಿಯಿಲ್ಲ. ಅಕ್ಕಾರೂ ಡಿಗ್ರಿ ಮುಗಿಸಿದವರೇ, ಆಫೀಸಿನ ಕಾಗದಗಳಲ್ಲಿ ಗಂಡನ ಹೆಸರು ಬರೆದು ಬರೆದು ಸಾಕಾದವರೇ. ಆದರೆ ಬಾಯಲ್ಲಿ ನುಡಿಯುವುದಿಲ್ಲ. ನಾವಾದರೂ ಆ ಮನುಷ್ಯನನ್ನು ಮಾಸ್ತರ್ರು ಎಂದೇ ಕರೆಯುತ್ತಿದ್ದೆವು, ಹೆಸರು ಕೇಳಿದ್ದೇ ಇಲ್ಲ. ಈಗ ಆ ಹೆಸರನ್ನು ಆಕೆ ಬಚ್ಚಲ ಮಣೆಯ ಮೇಲೆ ಕೂತು, ಗಂಡನ ತಾಯಿ ಹಿಡಿದ ಫೋನಿನೊಳಗೆ, ಇಬ್ಬರು ಪರಗಂಡಸರಿಗೆ ಕೇಳುವ ಹಾಗೆ ನುಡಿಯಬೇಕಿತ್ತು.

"ಏನಂತಾಳ?" ಎಂದ ಕಾಕಾ.

"ಗಂಡನ ಹೆಸರು ಹೇಳಬೇಕಾಗ್ತದಂತ ಕಾಕಾ."

ಕಾಕಾ ಗೇಟಿನ ಕಡೆ ನೋಡಿದ, ಮುಳುಗುವ ಹೊತ್ತಿನ ಕಡೆ ನೋಡಿದ. ಸತ್ತುಹೋದ ನಮ್ಮ ಕಾಕಿ ಬದುಕಿರುವ ತನಕ ಅವನನ್ನು ಹೆಸರಿಟ್ಟು ಕರೆದದ್ದಿಲ್ಲ. ಜನಗಣತಿಯವರು ಬಂದಾಗ ಕೂಡ ಪಕ್ಕದ ಮನೆಯವಳಿಂದ ಹೇಳಿಸಿದ್ದಳು.

"ಬ್ಯಾಡ ಬಿಡೋ ತಮ್ಮ" ಎಂದ. "ಹಸೀ ಮೈ ಹೆಣ್ಮಗಳ ಬಾಯಿಲೆ ಅದನ್ನ ಹೇಳಿಸಬ್ಯಾಡ. ಹೋದ್ರ ಬೆಳಿ ಹೋಗ್ತದ."

ಓದಿಸಿದವನ ಬೆಳೆಯನ್ನು ಓದಿದವನಾಗಿ ಉಳಿಸಲಾರದೆ ಕಪ್ಪು ಪರದೆಯ ಮುಂದೆ ಕೂತಿದ್ದೆ. ಅಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಫೋನ್ ಸ್ಪೀಕರ್ ಮೇಲಿದ್ದದ್ದು ನೆನಪೇ ಇರಲಿಲ್ಲ.

"ಯಾರ್ರಿ ಅದು ಮಾತಾಡಿದ್ದು?" ಎಂದರು ಅಕ್ಕಾರು.

"ನಮ್ಮ ಕಾಕಾ ರಿ. ಅವನ ಹೊಲಾನೇ ಕೊನೀದು."

ಆ ಕಡೆ ಬಚ್ಚಲ ಮಣೆ ಸರಿದ ಸದ್ದಾಯಿತು. ಆಮೇಲೆ ಅಕ್ಕಾರು, "ಹೊಡೀರಿ ಅಣ್ಣಾ" ಎಂದರು. ತಡವರಿಸದೆ, ಪಾಠ ಒಪ್ಪಿಸುವವರ ಹಾಗೆ, ಒಂದೇ ಉಸಿರಿನಲ್ಲಿ ಹೇಳಿದರು. ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರಿನ ಮುಂದೆ ರಿ ಇರಲಿಲ್ಲ, ಅವರು ಇರಲಿಲ್ಲ. ಬರೀ ಹೆಸರು, ಆಮೇಲೆ, "ಎದ್ದು ನನಗೊಂದು ಕಪ್ ಚಾ ಮಾಡ್ಕೊಂಡ್ ಬಾ."

ನಾನು ಹೊಡೆದೆ. ಪರದೆಯ ಮೇಲೆ ಏನೂ ಮೂಡಲಿಲ್ಲ, ಮೂಡುವುದೂ ಇಲ್ಲ. ಕೊನೆಯ ಕೀಲಿ ಒತ್ತಿದೆ. ಕೀಲಿಕೈ ತೆರೆಯಿತು. ಸರ್ವರ್ ಒಳಗೆ ಬಿಟ್ಟಿತು. ಕೊನೆಯ ಗೇಟಿನ ಸಾಲಿಗೆ ಹೋಗಿ ಬಂದ್ ಎಂಬುದನ್ನು ಮುಂದಿನ ಸರದಿಗೆ ದೂಡಿ ಒಪ್ಪಿಸಿದೆ. ಒಪ್ಪಿದೆ ಎಂದು ಒಂದು ಸಾಲು ಬಂತು ಅಂತ ಕಾಣುತ್ತದೆ. ಓದಿ ಮುಗಿಸುವುದರೊಳಗೆ ಬ್ಯಾಟರಿ ಸತ್ತಿತು.

ಬಂದದ್ದು ನಿಜವೋ, ನಾನು ಬಯಸಿದ್ದನ್ನೇ ಕಂಡೆನೋ ನನಗೇ ಖಾತ್ರಿಯಿರಲಿಲ್ಲ.

"ಆತೇನು?"

"ಗೊತ್ತಿಲ್ಲ ಕಾಕಾ. ಆರಕ್ಕ ಗೊತ್ತಾಗ್ತದ."

ಇಬ್ಬರೂ ಕಟ್ಟೆ ಹಿಡಿದು ಗೇಟು ನೋಡುತ್ತ ನಿಂತೆವು. ಬಂದ್ ಆಗುವ ಮೊದಲು ಆ ಗೇಟಿನ ಮೋಟರು ಗುರ್ ಎನ್ನುತ್ತದೆ, ಆ ಸದ್ದು ನನಗೆ ಗುರುತು. ಕಾಕಾನಿಗೆ ಗುರುತಿಲ್ಲ, ಹಾಗಾಗಿ ಅವನು ಪ್ರತಿ ಸದ್ದಿಗೂ ಬೆಚ್ಚುತ್ತಿದ್ದ. ದೂರದ ಪಂಪ್‌ಸೆಟ್ಟಿಗೆ, ಬಸ್ಸಿಗೆ, ನಮ್ಮದೇ ಗಾಡಿಯ ಕಾದ ಇಂಜಿನ್ ಟಿಕ್ ಎಂದದ್ದಕ್ಕೆ. ಫೋನಿನಲ್ಲಿ ಆರಾಯಿತು. ಗೇಟು ಅಲುಗಲಿಲ್ಲ. ಗಡಿಯಾರ ಹಿಂದೆ ಮುಂದೆ ಇರಬಹುದೆಂದು ಇನ್ನೂ ಕಾದೆವು. ಹಕ್ಕಿಗಳೆಲ್ಲ ಗಿಡ ಸೇರಿದವು. ಏನೂ ಆಗಲಿಲ್ಲ. ನೀರು ಅದೇ ಸದ್ದಿನಲ್ಲಿ ವಡಗೇರಾದ ಕಡೆ ಹರಿಯುತ್ತಿತ್ತು.

ಕಾಕಾ ಕಟ್ಟೆಯ ಮೇಲೆ ಕೂತುಬಿಟ್ಟ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅದರ ಧೂಳೆಲ್ಲ ಮುಖಕ್ಕೆ ಹತ್ತಿತು.

ಅಕ್ಕಾರೇ ಫೋನ್ ಮಾಡಿದರು.

"ಗೇಟ್ ಬಿತ್ತೇನ್ರಿ?"

"ಇಲ್ರಿ ಅಕ್ಕಾರ. ಹರ್ಯಾಕತ್ತದ."

"ಹಾಂ." ಸಣ್ಣ ದನಿಯಲ್ಲಿ, "ಅತ್ತಿ ಮಾತು ಬಿಟ್ಟಾರ್ರಿ. ಕೂಸಿಗಿ ಎರದು ಅಲ್ಲೇ ಮಲಗಿಸಿ, ಬ್ಯಾಗ್ ತುಂಬಾಕತ್ತಾರ. ನಾಳಿ ಊರಿಗಿ ಹೊಂಟಾರಂತ" ಎಂದರು.

"ನಾ ಬಂದು ಮಾತಾಡ್ಲೇನ್ರಿ?" ಎಂದೆ.

"ನೀವು ಬಂದ್ರ ಇನ್ನಷ್ಟು ಆಗ್ತದ. ಬ್ಯಾಡ್ರಿ." ಮತ್ತೆ, ಆಫೀಸಿನ ದನಿಯಲ್ಲಿ, "ಆ ವಾಕ್ಯ ಈಗ ಎಲ್ಲಾರಿಗೂ ಗೊತ್ತಾತಲ್ರಿ. ಬದಲಿ ಮಾಡಬೇಕು. ನಾ ಡ್ಯೂಟಿಗಿ ಬಂದ ಮ್ಯಾಲ ನಾನೇ ಮಾಡ್ತೀನಿ. ಅಲ್ಲಿ ತನಕ ಲ್ಯಾಪ್‌ಟಾಪ್ ಕಪಾಟಿನ್ಯಾಗ ಇಟ್ಟು ಚಾವಿ ಹಾಕ್ರಿ."

ಡ್ಯೂಟಿಗೆ ಬರಲು ಅವರನ್ನು ಬಿಡುತ್ತಾರೋ ಇಲ್ಲವೋ ಎಂಬುದು ಆ ಸಂಜೆ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಾಕಾ ಎಲ್ಲ ಕೇಳಿಸಿಕೊಂಡ. ನೀರಿನ ಕಡೆ ಮತ್ತೆ ನೋಡಲಿಲ್ಲ.

"ಭತ್ತ ಬಂದ ಮ್ಯಾಲ ಒಂದು ಚೀಲ ಅಕ್ಕಿ ತಗೊಂಡು ಆ ಮುದುಕಿ ಊರಿಗಿ ಹೋಗ್ತೀನಿ" ಎಂದ. "ಅಕ್ಕಿ ಇಸ್ಕೊಂಡ್ಲಂದ್ರ ಮಾತಾಡ್ತಾಳ."

"ಇಸ್ಕೊಳ್ಳಲಿಲ್ಲಂದ್ರ?"

"ಬಾಗಿಲ್ದಾಗ ಕುಂದರ್ತೀನಿ. ಕುಂದ್ರೋದು ನನಗ ರೂಢಿ ಅದ."

ಗಾಡಿ ಚಾಲೂ ಮಾಡಿದೆ. ಕಾಕಾ ಲ್ಯಾಪ್‌ಟಾಪ್ ಎತ್ತಿಕೊಂಡು ಹಿಂದೆ ಕೂತ. ಶಹಾಪುರ ಮುಟ್ಟುವ ತನಕ, ಧೂಳಿನಲ್ಲಿ, ಕತ್ತಲಾಗುವಾಗ, ಸತ್ತುಹೋದ ಆ ಡಬ್ಬಿಯ ಮುಚ್ಚಳಕ್ಕೆ ಒಂದು ಬೆರಳು ಕೊಟ್ಟು ಅದನ್ನು ತೆರೆದೇ ಹಿಡಿದುಕೊಂಡಿದ್ದ. ಇನ್ನು ಮುಚ್ಚಿದರೂ ನಡೆಯುತ್ತದೆ ಕಾಕಾ ಎಂದು ನಾನು ಹೇಳಿದೆ. ಅವನು ಮುಚ್ಚಲಿಲ್ಲ.